ಉತ್ತರಾಣಿ ಕಡ್ಡಿಯಿಂದ ಪೆಟ್ರಿ ತಟ್ಟೆಗೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರವು ಎರಡು ಬಗೆಯ ನೆಲಗಳು ಕೂಡುವ ಅಂಚಿನಲ್ಲಿದೆ. ಪಡುವಲಿಗೆ ಕಲಘಟಗಿ, ಅಳ್ನಾವರ, ಹಳಿಯಾಳಗಳನ್ನು ದಾಟುತ್ತಿದ್ದಂತೆ ಮಲೆನಾಡಿನ ಕಾಡು ದಟ್ಟವಾಗುತ್ತ ಹೋಗುತ್ತದೆ. ಮೂಡಲಿಗೆ ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳು ಮರವಿಲ್ಲದ ಬಯಲಾಗಿ ಹರಡಿಕೊಂಡಿವೆ. ಗದಗಿನಾಚೆಯ ಕಪ್ಪತಗುಡ್ಡದ ಸಾಲು ಒಣನೆಲದ ನಡುವೆ ಔಷಧಿ ಸಸ್ಯಗಳ ಕಣಜವೆಂದು ಹೆಸರಾಗಿದೆ. ಹೀಗಾಗಿ ಈ ಭಾಗದ ನಾಟಿ ವೈದ್ಯರಿಗೆ ಮಳೆಕಾಡಿನ ಬಳ್ಳಿ, ಎರೆಹೊಲದ ಬದುವಿನ ಉತ್ತರಾಣಿ, ಕಲ್ಲುಗುಡ್ಡದ ಬೇರು ಮೂರೂ ಕೈಗೆಟಕುವಂತಿದ್ದವು. ಇಂಥ ಗಿಡಗಳ ಸಾರವನ್ನು ತೆಗೆದು, ಅದು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆಯೇ, ಜೀವಕೋಶಗಳಿಗೆ ಹಾನಿಮಾಡುವ ಉತ್ಕರ್ಷಣ ಕ್ರಿಯೆಯನ್ನು ತಗ್ಗಿಸುತ್ತದೆಯೇ ಎಂದು ಅಳೆಯುವುದು ಕಳೆದ ಕೆಲವು ದಶಕಗಳಲ್ಲಿ ಇಲ್ಲಿನ ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮತ್ತು ಔಷಧಶಾಸ್ತ್ರದ ಪ್ರಯೋಗಾಲಯಗಳ ನಿತ್ಯದ ಕೆಲಸವಾಗಿದೆ. ಈ ಕೆಲಸದ ಚರಿತ್ರೆಯನ್ನು ಉಪಕರಣಗಳ ಚರಿತ್ರೆಯಾಗಿ ಹೇಳುವುದು ರೂಢಿ. ಧಾರವಾಡದ ಮಟ್ಟಿಗೆ ಅದನ್ನು ಹೆಸರುಗಳ ಚರಿತ್ರೆಯಿಂದಲೇ ಆರಂಭಿಸಬೇಕಾಗುತ್ತದೆ. ಯಾವ ಗಿಡ ಎಂಬುದು ಗಟ್ಟಿಯಾಗದೆ ಆ ಗಿಡ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ.

ಕನ್ನಡದಲ್ಲಿ ವೈದ್ಯಕ ಬರವಣಿಗೆ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ರಾಜಮನೆತನದ ಕೀರ್ತಿವರ್ಮನು ದನಕರುಗಳ ಚಿಕಿತ್ಸೆಯನ್ನು ಕುರಿತು ‘ಗೋವೈದ್ಯ’ವನ್ನು ಬರೆದನು, ಅದೇ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು, ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳನ್ನೂ ಅವುಗಳಿಗೆ ಮದ್ದನ್ನೂ ವಿಸ್ತಾರವಾಗಿ ವಿವರಿಸಿದನು. ಇಂಥ ಗ್ರಂಥಗಳು ಒಂದೆಡೆ, ಹೊಲಮನೆಯ ಮದ್ದು ಇನ್ನೊಂದೆಡೆ ಬೆಳೆದವು. ಓಲೆಗರಿಯಲ್ಲಿ ಬರೆದ ಮದ್ದಿಗೆ ಪ್ರಮಾಣ, ಅನುಪಾನ, ಪಥ್ಯಗಳ ಕಟ್ಟು ಇದ್ದರೆ, ಹೊಲಮನೆಯ ಮದ್ದು ಬಾಯಿಂದ ಬಾಯಿಗೆ ಸಾಗಿ, ಹಲವು ಮನೆತನಗಳಲ್ಲಿ ಹೊರಗಿನವರಿಗೆ ಹೇಳಬಾರದೆಂಬ ಕಟ್ಟಳೆಗೂ ಒಳಗಾಗಿತ್ತು. ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯು ಶಾಸನ ಮತ್ತು ಹಸ್ತಪ್ರತಿಗಳ ಅಧ್ಯಯನಕ್ಕೆ ನೆಲೆಯಾಯಿತು. ಬರಹದ ವೈದ್ಯಕ್ಕೆ ಹೀಗೊಂದು ಆಶ್ರಯ ಸಿಕ್ಕಿತಾದರೂ ಬಾಯಿಮಾತಿನ ವೈದ್ಯ ತನ್ನನ್ನು ಬರೆದುಕೊಳ್ಳುವವರಿಗಾಗಿ ಬಹುಕಾಲ ಕಾಯಬೇಕಾಯಿತು.

ಆ ನಡುವೆ ಗಿಡಗಳ ಹೆಸರುಗಳು ಬೇರೊಂದು ದಾರಿಯಿಂದ ದಾಖಲಾಗತೊಡಗಿದವು. ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಇಲ್ಲಿನ ಸಸ್ಯಗಳ ಲೆಕ್ಕವೂ ಮುಂಬಯಿಯ ಗ್ರಂಥಗಳಲ್ಲೇ ಸೇರಿತು. ಡಾಲ್ಜೆಲ್ ಮತ್ತು ಗಿಬ್ಸನ್ ಅವರ ‘ಬಾಂಬೆ ಫ್ಲೋರಾ’ 1861ರಲ್ಲಿ ಬಂದರೆ, ಧಾರವಾಡ ಜಿಲ್ಲೆಗೆಂದೇ ಮೀಸಲಾದ ಮುಂಬಯಿ ಗೆಜೆಟಿಯರಿನ 22ನೆಯ ಸಂಪುಟ 1884ರಲ್ಲಿ ಪ್ರಕಟವಾಯಿತು. ಡಿಮಾಕ್, ವಾರ್ಡನ್ ಮತ್ತು ಹೂಪರ್ ಎಂಬ ಮೂವರು 1889ರ ನಂತರದ ಕೆಲವೇ ವರ್ಷಗಳಲ್ಲಿ ಹೊರತಂದ ‘ಫಾರ್ಮಕೋಗ್ರಾಫಿಯಾ ಇಂಡಿಕಾ’ವು ಭಾರತದ ಸಸ್ಯಜನ್ಯ ಔಷಧಗಳನ್ನು ಅವುಗಳ ದೇಶೀ ಹೆಸರು, ಬಳಕೆ ಮತ್ತು ರಾಸಾಯನಿಕ ಗುಣಗಳೊಡನೆ ಪಟ್ಟಿಮಾಡಿತು. ಥಿಯೊಡೋರ್ ಕುಕ್ 1901ರಿಂದ 1908ರವರೆಗೆ ಮುಂಬಯಿ ಪ್ರಾಂತದ ಸಸ್ಯಸಂಪತ್ತನ್ನು ಸಂಪುಟಗಳಲ್ಲಿ ವಿವರಿಸಿದರು. ಐ.ಸಿ.ಎಸ್. ಅಧಿಕಾರಿ ಎಲ್. ಜೆ. ಸೆಡ್ಜ್‌ವಿಕ್ ಮತ್ತು ಅರಣ್ಯಾಧಿಕಾರಿ ಟಿ. ಆರ್. ಡಿ. ಬೆಲ್ ಧಾರವಾಡ ಹಾಗೂ ಉತ್ತರ ಕನ್ನಡದ ಕಡೆ ಗಿಡಗಳನ್ನು ಕಿತ್ತು, ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿ ಹೆಸರು ಬರೆದಿಟ್ಟರು. ಆಡಳಿತ ಮಾಡಲು ಬಂದವರು ಬಿಡುವಿನಲ್ಲಿ ಮಾಡಿದ ಈ ಕೆಲಸ, ಅವರು ಬರೆದ ಆಡಳಿತದ ಕಡತಗಳಿಗಿಂತ ಹೆಚ್ಚು ಕಾಲ ಬಾಳಿದೆ.

ಕನ್ನಡಿಗರಿಗೆ ಇವೆಲ್ಲಕ್ಕಿಂತ ಹತ್ತಿರದ ದಾಖಲೆಯೆಂದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನೆಂಡ್ ಕಿಟ್ಟೆಲ್ ಅವರ ನಿಘಂಟು. ಬಾಸೆಲ್ ಮಿಶನ್ನಿನ ಕಿಟ್ಟೆಲ್ ಹುಬ್ಬಳ್ಳಿ-ಧಾರವಾಡದ ನೆಲದಲ್ಲಿ ಓಡಾಡಿ ಕನ್ನಡ ಕಲಿತವರು. ಅವರ ನಿಘಂಟಿನಲ್ಲಿ ಗಿಡಮರಗಳ ಕನ್ನಡ ಹೆಸರುಗಳ ಮಗ್ಗುಲಲ್ಲಿ ಅವುಗಳ ಲ್ಯಾಟಿನ್ ಹೆಸರುಗಳೂ ನಿಂತಿವೆ. ಭಾಷೆಯ ಕೋಶವೊಂದು ಸಸ್ಯಶಾಸ್ತ್ರಕ್ಕೂ ಕೀಲಿಕೈಯಾದದ್ದು ಹೀಗೆ. ಈ ಜೋಡಿ ಹೆಸರಿನ ಬೆಲೆ ಎಷ್ಟೆಂಬುದನ್ನು ಒಂದೆರಡು ಉದಾಹರಣೆಗಳಿಂದ ತಿಳಿಯಬಹುದು. ‘ಬ್ರಾಹ್ಮಿ’ ಎಂದಾಗ ಒಬ್ಬರು ಒಂದೆಲಗವನ್ನು, ಅಂದರೆ ಸೆಂಟೆಲ್ಲಾ ಏಷಿಯಾಟಿಕಾವನ್ನು ತಂದುಕೊಡುತ್ತಾರೆ. ಇನ್ನೊಬ್ಬರು ನೀರುಬ್ರಾಹ್ಮಿಯನ್ನು, ಅಂದರೆ ಬಕೋಪಾ ಮೊನಿಯೇರಿಯನ್ನು ಕೊಡುತ್ತಾರೆ. ‘ಆಡುಮುಟ್ಟದ ಗಿಡ’ ಎಂಬುದು ಕೆಲವರ ಬಾಯಲ್ಲಿ ಆಡುಸೋಗೆ, ಕೆಲವರ ಬಾಯಲ್ಲಿ ಟೈಲೊಫೋರಾ ಇಂಡಿಕಾ ಎಂಬ ಬಳ್ಳಿ. ಎರಡನ್ನೂ ಕೆಮ್ಮು-ದಮ್ಮಿಗೆ ಬಳಸುವುದರಿಂದ ಗೊಂದಲ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಆಡುಸೋಗೆಯಲ್ಲಿರುವುದು ವ್ಯಾಸಿಸಿನ್ ಎಂಬ ಕ್ಷಾರಾಭ, ಬಳ್ಳಿಯಲ್ಲಿರುವುದು ಟೈಲೊಫೋರಿನ್. ಆಡು ಎರಡನ್ನೂ ಮುಟ್ಟದಿರಬಹುದು, ರಸಾಯನಶಾಸ್ತ್ರಕ್ಕೆ ಮಾತ್ರ ಅವು ಬೇರೆ ಬೇರೆ.

ಸಸ್ಯದ ಹೆಸರು ಗಟ್ಟಿಯಾಗುತ್ತಿದ್ದ ಅದೇ ಕಾಲದಲ್ಲಿ ಈ ಪರೀಕ್ಷೆಯ ಇನ್ನೊಂದು ಪಕ್ಷವಾದ ಬ್ಯಾಕ್ಟೀರಿಯಾವೂ ಹುಬ್ಬಳ್ಳಿಗೆ ಪರಿಚಯವಾಯಿತು, ಅದೂ ಅತ್ಯಂತ ಭೀಕರವಾದ ರೀತಿಯಲ್ಲಿ. ಪ್ಲೇಗಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರು. ಹಾಫ್‌ಕಿನ್ 1897ರ ಆರಂಭದಲ್ಲಿ ಮುಂಬಯಿಯಲ್ಲಿ ಆ ಜೀವಿಗಳನ್ನು ಸಾರಿನಲ್ಲಿ ಬೆಳೆಸಿ, ಕಾಯಿಸಿ ಕೊಂದು, ಲಸಿಕೆ ಸಿದ್ಧಪಡಿಸಿದ್ದರು. ರೈಲ್ವೆ ಕೇಂದ್ರವಾಗಿ ಬೆಳೆಯುತ್ತಿದ್ದ ಹುಬ್ಬಳ್ಳಿಗೆ 1898ರಲ್ಲಿ ಪ್ಲೇಗು ಹರಡಿದಾಗ ಡಾ. ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ ಕೆಲವೇ ತಿಂಗಳುಗಳಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಈ ಲಸಿಕೆಯನ್ನು ಚುಚ್ಚಲಾಯಿತು. ಅಂದಿನ ಪಟ್ಟಣದ ಜನಸಂಖ್ಯೆಗೆ ಹೋಲಿಸಿದರೆ ಇದು ಬಹುಪಾಲು. ಲಸಿಕೆಯ ಇತಿಹಾಸದಲ್ಲಿ ಹುಬ್ಬಳ್ಳಿಯ ಹೆಸರು ಇಂದಿಗೂ ಬರುವುದು ಈ ಕಾರಣಕ್ಕೆ. ಬರಿಗಣ್ಣಿಗೆ ಕಾಣದ ಜೀವಿಯನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಬಹುದು, ಕೊಲ್ಲಲೂಬಹುದು ಎಂಬ ವಿಚಾರ ಈ ಊರಿನ ಜನರ ಮೈಗೆ ಸೂಜಿಯ ಮೊನೆಯಿಂದ ತಾಗಿತು. ಗಿಡದ ಸಾರವನ್ನು ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸುವ ಎಲ್ಲ ಕ್ರಮಗಳೂ ಇದೇ ವಿಚಾರದ ಮೇಲೆ ನಿಂತಿವೆ.

ಆ ಕ್ರಮಗಳಿಗೆ ಬೇಕಾದ ಸಲಕರಣೆಗಳು ಒಂದೊಂದಾಗಿ ಯುರೋಪಿನಲ್ಲಿ ಸಿದ್ಧವಾಗಿದ್ದವು. ದ್ರಾವಕವನ್ನು ಮತ್ತೆ ಮತ್ತೆ ಆವಿಯಾಗಿಸಿ ತಣಿಸಿ ಪುಡಿಯ ಮೇಲೆ ಹರಿಸುವ ಸಾಕ್ಸ್‌ಲೆಟ್ ಯಂತ್ರ 1879ರದ್ದು. ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಗಟ್ಟಿಯಾಗುವ ಪದಾರ್ಥವನ್ನು ರಾಬರ್ಟ್ ಕಾಖ್ ಅವರ ಪ್ರಯೋಗಾಲಯಕ್ಕೆ ಸೂಚಿಸಿದವರು ಅಡುಗೆಯಲ್ಲಿ ಅದನ್ನು ಬಲ್ಲ ಫ್ಯಾನಿ ಹೆಸ್ಸೆ. ಮುಚ್ಚಳವಿರುವ ಗಾಜಿನ ತಟ್ಟೆಗೆ 1887ರಲ್ಲಿ ಪೆಟ್ರಿಯ ಹೆಸರು ಅಂಟಿತು. ಪೆನಿಸಿಲಿನ್ ಬೆಳಕಿಗೆ ಬಂದ ಮೇಲೆ ಹಸಿರು ಗಿಡಗಳಲ್ಲೂ ಅಂಥದ್ದೇನಾದರೂ ಇದ್ದೀತೆಂಬ ಆಸೆ ಹುಟ್ಟಿ, ಇಂಗ್ಲೆಂಡಿನಲ್ಲಿ ಆಸ್ಬಾರ್ನ್ 1943ರಲ್ಲಿ ಸುಮಾರು 2300 ಸಸ್ಯಗಳನ್ನು ಜಾಲಾಡಿದ ವರದಿ ಪ್ರಕಟವಾಯಿತು. ಭಾರತದಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯು 1968ರಲ್ಲಿ ತನ್ನ ಸಸ್ಯ ಪರೀಕ್ಷಾ ಮಾಲೆಯ ಮೊದಲ ಭಾಗವನ್ನು ಪ್ರಕಟಿಸಿ ದೇಶದ ವಿಶ್ವವಿದ್ಯಾಲಯಗಳಿಗೆ ಒಂದು ಮಾದರಿಯನ್ನು ಒದಗಿಸಿತು.

ಧಾರವಾಡದಲ್ಲಿ ಈ ಕೆಲಸಕ್ಕೆ ನೆಲೆ ಒದಗಿದ್ದು ನಿಧಾನವಾಗಿ. ಕರ್ನಾಟಕ ಕಾಲೇಜು 1917ರಲ್ಲಿ, ಕೃಷಿ ಕಾಲೇಜು 1947ರಲ್ಲಿ ಆರಂಭವಾದವು. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದಿತು. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ. ಸಿ. ಪಾವಟೆ ಅವರ ಕಾಲದಲ್ಲಿ ಛೋಟಾ ಮಹಾಬಳೇಶ್ವರವೆಂದು ಕರೆಸಿಕೊಳ್ಳುವ ಗುಡ್ಡದ ಮೇಲೆ ವಿಜ್ಞಾನ ವಿಭಾಗಗಳು ತಲೆಯೆತ್ತಿದವು. ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು 1957ರಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು 1986ರಲ್ಲಿ ಬಂದವು. ಔಷಧಶಾಸ್ತ್ರದ ಕಾಲೇಜುಗಳೂ ಆಯುರ್ವೇದ ಮಹಾವಿದ್ಯಾಲಯವೂ ಇವುಗಳ ಜೊತೆಗೂಡಿದವು. ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಸಿ. ಡಿ. ದೌಲತಾಬಾದ್, ಕೆ. ಎಂ. ಹೊಸಮನಿ ಮೊದಲಾದವರು ಕಾಡುಗಿಡಗಳ ಬೀಜದೆಣ್ಣೆಗಳಲ್ಲಿರುವ ಅಪರೂಪದ ಕೊಬ್ಬಿನಾಮ್ಲಗಳನ್ನು ವಿಶ್ಲೇಷಿಸಿದರೆ, ಸಸ್ಯಶಾಸ್ತ್ರ ವಿಭಾಗದಲ್ಲಿ ಎಚ್. ಎನ್. ಮೂರ್ತಿ ಮತ್ತು ಸಂಗಡಿಗರು ಅಶ್ವಗಂಧ, ನೀರುಬ್ರಾಹ್ಮಿಗಳಂಥ ಸಸ್ಯಗಳ ಕೋಶಗಳನ್ನು ದ್ರವದಲ್ಲಿ ಬೆಳೆಸಿ, ಗಿಡವನ್ನು ಕೀಳದೆಯೇ ಅದರ ಔಷಧೀಯ ಅಂಶವನ್ನು ಪಡೆಯುವ ಹಾದಿಯನ್ನು ಅರಸಿದರು.

ಈ ಎಲ್ಲ ಕೆಲಸಗಳ ನಡುವೆ ಧಾರವಾಡದ ನೆಲಕ್ಕೆ ತೀರ ಅಂಟಿಕೊಂಡದ್ದು ಹೆಬ್ಬಾರ, ಹರ್ಷ, ಶ್ರೀಪತಿ ಮತ್ತು ಜಿ. ಆರ್. ಹೆಗಡೆ ಅವರ ಕ್ಷೇತ್ರಕಾರ್ಯ. ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರ ಈ ತಂಡವು 2002ರಲ್ಲಿ ಕುಣಬಿ ಸಮುದಾಯದ ಸಸ್ಯಜ್ಞಾನವನ್ನೂ 2003ರಲ್ಲಿ ಉತ್ತರ ಕನ್ನಡದಲ್ಲಿ ಚರ್ಮರೋಗಕ್ಕೆ ಬಳಸುವ ಗಿಡಗಳನ್ನೂ ಕುರಿತು ಬರೆದು, 2004ರಲ್ಲಿ ಧಾರವಾಡ ಜಿಲ್ಲೆಯಲ್ಲಿ ಬಾಯಿ ಮತ್ತು ಹಲ್ಲಿನ ಬೇನೆಗಳಿಗೆ ಬಳಸುವ ಸಸ್ಯಗಳ ವರದಿಯನ್ನು ‘ಜರ್ನಲ್ ಆಫ್ ಎಥ್ನೋಫಾರ್ಮಕಾಲಜಿ’ಯಲ್ಲಿ ಪ್ರಕಟಿಸಿತು. ಗದಗ, ಹಾವೇರಿಗಳು 1997ರಲ್ಲಿ ಬೇರೆಯಾದ ಮೇಲೆ ಉಳಿದ ಕಿರಿದಾದ ಜಿಲ್ಲೆಯಲ್ಲೂ 26 ಕುಟುಂಬಗಳಿಗೆ ಸೇರಿದ 35 ಸಸ್ಯಗಳು ಹಲ್ಲುನೋವು, ಹುಳುಕು, ವಸಡಿನ ಕೀವು, ಬಾಯಿಹುಣ್ಣುಗಳಿಗೆ ಬಳಕೆಯಲ್ಲಿದ್ದುದು ಅದರಲ್ಲಿ ದಾಖಲಾಯಿತು. ಒಂದೇ ಅಂಗದ ಬೇನೆಗೆ ಒಂದೇ ಜಿಲ್ಲೆಯ ಜನ ಇಷ್ಟು ಗಿಡಗಳನ್ನು ಗುರುತಿಸಿಟ್ಟುಕೊಂಡಿದ್ದರೆಂಬುದು ಕಡಿಮೆ ಮಾತಲ್ಲ.

ಹಲ್ಲನ್ನೇ ವಿಷಯವಾಗಿ ಆರಿಸಿಕೊಂಡದ್ದರಲ್ಲಿ ಒಂದು ಜಾಣ್ಮೆಯಿದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೇವಿನ ಕಡ್ಡಿ, ಜಾಲಿಯ ಕಡ್ಡಿ, ಉತ್ತರಾಣಿಯ ಬೇರುಗಳು ಹಲ್ಲುಜ್ಜುವ ಸಾಧನಗಳಾಗಿದ್ದವು. ತುದಿಯನ್ನು ಜಗಿದು ನಾರು ಮಾಡಿಕೊಂಡರೆ ಕುಂಚ, ಜಗಿದಾಗ ಬಂದ ಒಗರು ರಸವೇ ಮದ್ದು. ಇಲ್ಲಿ ಔಷಧಿಯು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಮಾರ್ಪಟ್ಟು ರೋಗದ ಸ್ಥಳವನ್ನು ತಲುಪಬೇಕಾಗಿಲ್ಲ. ರಸವು ಬ್ಯಾಕ್ಟೀರಿಯಾವನ್ನು ನೇರವಾಗಿ ತಾಗುತ್ತದೆ. ಆದ್ದರಿಂದ ಪೆಟ್ರಿ ತಟ್ಟೆಯ ಪರೀಕ್ಷೆಗೂ ಬಾಯೊಳಗಿನ ವಾಸ್ತವಕ್ಕೂ ನಡುವಣ ಅಂತರ ಜ್ವರದ ಕಷಾಯದ ವಿಷಯದಲ್ಲಿ ಇರುವಷ್ಟು ದೊಡ್ಡದಲ್ಲ. ಹಲ್ಲಿನ ಹುಳುಕಿಗೆ ಮುಖ್ಯ ಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯುಟನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಕ್ಲಾರ್ಕ್ 1924ರಲ್ಲೇ ವಿವರಿಸಿದ್ದರಿಂದ ಯಾವ ಜೀವಿಯ ಮೇಲೆ ಸಾರವನ್ನು ಪರೀಕ್ಷಿಸಬೇಕೆಂಬುದರಲ್ಲೂ ಅನುಮಾನವಿಲ್ಲ.

ಜನಬಳಕೆಯಲ್ಲಿದ್ದುದೆಲ್ಲ ಪರೀಕ್ಷೆಗೆ ನಿಲ್ಲುವಂಥದ್ದೆಂದು ಇದರ ಅರ್ಥವಲ್ಲ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಹೊಗೆಯನ್ನು ಬಾಯಿಗೆ ಹಿಡಿದು ‘ಹಲ್ಲಿನ ಹುಳ’ ಉದುರಿಸುವ ಚಿಕಿತ್ಸೆ ನಾಡಿನ ಹಲವೆಡೆ ಇತ್ತು. ಹಲ್ಲಿನಲ್ಲಿ ಅಂಥ ಹುಳವೇ ಇಲ್ಲ. ಯುರೋಪಿನಲ್ಲಿ ಅದೇ ಕುಟುಂಬದ ಹೆನ್‌ಬೇನ್ ಬೀಜಗಳ ಹೊಗೆಯಿಂದ ಇದೇ ಚಿಕಿತ್ಸೆ ನಡೆಯುತ್ತಿದ್ದಾಗ, ಬಿಸಿಗೆ ಒಡೆದ ಬೀಜದಿಂದ ಹೊರಬಿದ್ದ ಎಳೆಯ ಮೊಳಕೆಯೇ ಹುಳವೆಂದು ತೋರುತ್ತಿತ್ತೆಂಬುದು ಬಯಲಾಗಿತ್ತು. ಹೊಗೆಯಿಂದ ನೋವು ಕೊಂಚ ತಗ್ಗಿರಬಹುದು. ಚಿಕಿತ್ಸೆಯ ಫಲ ಮತ್ತು ಅದಕ್ಕೆ ಕೊಡುವ ಕಾರಣ ಇವೆರಡೂ ಬೇರೆ ಬೇರೆಯಾಗಿರಲು ಸಾಧ್ಯವೆಂಬುದನ್ನು ಮರೆತವರು ನಾಟಿ ವೈದ್ಯವನ್ನು ಪೂರ್ತಿ ಒಪ್ಪುತ್ತಾರೆ, ಇಲ್ಲವೇ ಪೂರ್ತಿ ಅಲ್ಲಗಳೆಯುತ್ತಾರೆ.

ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆಯುವ ಬಗೆ ಸರಳವಾದದ್ದು. ನೆರಳಲ್ಲಿ ಒಣಗಿಸಿದ ಎಲೆ ಅಥವಾ ಬೇರನ್ನು ಪುಡಿಮಾಡಿ, ಪೆಟ್ರೋಲಿಯಂ ಈಥರ್, ಕ್ಲೋರೋಫಾರ್ಮ್, ಮೆಥನಾಲ್, ನೀರು ಹೀಗೆ ಗುಣ ಬೇರೆಯಾದ ದ್ರಾವಕಗಳಲ್ಲಿ ಸಾರ ತೆಗೆಯುತ್ತಾರೆ. ಎಣ್ಣೆಯಂಶ ಮೊದಲಿನದರಲ್ಲಿ, ಟ್ಯಾನಿನ್ ಮತ್ತು ಫ್ಲೇವನಾಯ್ಡ್‌ಗಳಂಥ ಒಗರಿನ ಅಂಶಗಳು ಕೊನೆಯವುಗಳಲ್ಲಿ ಕರಗುತ್ತವೆ. ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ಸಮನಾಗಿ ಸವರಿ, ಸಾರದಲ್ಲಿ ನೆನೆಸಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಯನ್ನಿಟ್ಟು, ಅಥವಾ ಅಗರಿನಲ್ಲಿ ಕೊರೆದ ಗುಳಿಗೆ ಸಾರವನ್ನು ಹನಿಸಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ರಾತ್ರಿ ಇಡುತ್ತಾರೆ. ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ಉಂಗುರ ಕಂಡರೆ ಅದರ ಅಗಲವನ್ನು ಅಳೆಯುತ್ತಾರೆ. ಇದಕ್ಕೆ ಪ್ರತಿಬಂಧಕ ವಲಯವೆಂದು ಹೆಸರು. ಬರಿಯ ದ್ರಾವಕದ ಬಿಲ್ಲೆಯೊಂದು ಮತ್ತು ಗೊತ್ತಿರುವ ಪ್ರತಿಜೈವಿಕದ ಬಿಲ್ಲೆಯೊಂದು ಹೋಲಿಕೆಗಾಗಿ ಅದೇ ತಟ್ಟೆಯಲ್ಲಿರುತ್ತವೆ.

ಈ ಉಂಗುರದ ಅಗಲವನ್ನು ಗಿಡದ ಶಕ್ತಿಯೆಂದು ಓದುವುದು ಸಾಮಾನ್ಯವಾದ ತಪ್ಪು. ಅಗರಿನಲ್ಲಿ ಸುಲಭವಾಗಿ ಹರಡುವ ದುರ್ಬಲ ವಸ್ತು ದೊಡ್ಡ ಉಂಗುರವನ್ನು ಕೊಡಬಹುದು. ನೀರಿಗೆ ಸೇರದ ಪ್ರಬಲ ವಸ್ತು ಬಿಲ್ಲೆಯಲ್ಲೇ ಕೂತುಬಿಡಬಹುದು. ಆದ್ದರಿಂದ ಬೆಳವಣಿಗೆಯನ್ನು ತಡೆಯಲು ಕನಿಷ್ಠ ಎಷ್ಟು ಸಾಂದ್ರತೆ ಬೇಕೆಂಬುದನ್ನು ದ್ರವದಲ್ಲಿ ಬೇರೆಯಾಗಿ ಅಳೆಯಬೇಕಾಗುತ್ತದೆ. ಪ್ರತಿ ಮಿಲಿಲೀಟರಿಗೆ 1 ಮಿಲಿಗ್ರಾಮಿಗಿಂತ ಹೆಚ್ಚು ಸಾರ ಬೇಕಾದರೆ ಅದನ್ನು ಪ್ರಯೋಜನಕಾರಿಯೆಂದು ಎಣಿಸಬಾರದೆಂದು ಸ್ಪೇನಿನ ರಿಯೋಸ್ ಮತ್ತು ರೆಸಿಯೊ 2005ರಲ್ಲೇ ಎಚ್ಚರಿಸಿದ್ದರು. ಸ್ಟೆಫೈಲೊಕಾಕಸ್‌ನಂಥ ಗ್ರಾಮ್-ಧನ ಜೀವಿಗಳು ಸಸ್ಯಸಾರಕ್ಕೆ ಬೇಗ ಮಣಿಯುವುದೂ, ಇ. ಕೋಲೈ, ಸ್ಯೂಡೊಮೊನಾಸ್‌ಗಳಂಥ ಗ್ರಾಮ್-ಋಣ ಜೀವಿಗಳು ಮಣಿಯದಿರುವುದೂ ವರದಿಯಿಂದ ವರದಿಗೆ ಮರುಕಳಿಸುತ್ತದೆ. ಎರಡನೆಯ ಗುಂಪಿನ ಜೀವಿಗಳಿಗೆ ಮೈಸುತ್ತ ಇನ್ನೊಂದು ಹೊರಪೊರೆ ಇರುವುದು ಇದಕ್ಕೆ ಮುಖ್ಯ ಕಾರಣ.

ಇನ್ನೂ ಆಳದ ತೊಡಕೊಂದಿದೆ. ನಾಟಿ ವೈದ್ಯರು ಗಿಡವನ್ನು ನೀರಲ್ಲಿ ಕುದಿಸುತ್ತಾರೆ, ಹಸಿಯಾಗಿ ಅರೆಯುತ್ತಾರೆ, ಹಾಲು, ಜೇನು, ಮಜ್ಜಿಗೆಗಳಲ್ಲಿ ಕಲಸುತ್ತಾರೆ. ಪ್ರಯೋಗಾಲಯದಲ್ಲಿ ಹೆಚ್ಚಿನ ಫಲ ಕೊಡುವುದು ಮೆಥನಾಲ್. ಮೆಥನಾಲಿನ ಸಾರ ಗೆದ್ದು ನೀರಿನ ಸಾರ ಸೋತಾಗ, ಹಳ್ಳಿಯ ಬಳಕೆ ಸರಿಯೆಂದು ಸಾಬೀತಾಯಿತೆಂದು ಬರೆಯುವುದು ವಿಚಿತ್ರ ತರ್ಕ. ಹಳ್ಳಿಯಲ್ಲಿ ಯಾರೂ ಆ ಸಾರವನ್ನು ಕುಡಿದಿಲ್ಲ, ಕುಡಿದಿದ್ದರೆ ಕಣ್ಣು ಹೋಗುತ್ತಿತ್ತು. ಹಾಗೆಂದು ಬಿಡಿ ವಸ್ತುವಿನ ಸೋಲನ್ನು ಇಡೀ ಗಿಡದ ಸೋಲೆಂದು ತೀರ್ಮಾನಿಸುವಂತಿಲ್ಲ. ಮರದರಿಶಿನದಲ್ಲೂ ಇರುವ ಬರ್ಬೆರಿನ್ ಎಂಬ ಹಳದಿ ಕ್ಷಾರಾಭವನ್ನು ಬ್ಯಾಕ್ಟೀರಿಯಾ ತನ್ನ ಪೊರೆಯಲ್ಲಿರುವ ಪಂಪುಗಳಿಂದ ಹೊರದೂಡುತ್ತದೆ. ಬರ್ಬೆರಿಸ್ ಜಾತಿಯ ಗಿಡಗಳಲ್ಲಿ ಆ ಪಂಪನ್ನೇ ಕಟ್ಟಿಹಾಕುವ ಇನ್ನೊಂದು ವಸ್ತು ಇರುವುದನ್ನು ಅಮೆರಿಕದ ಸ್ಟರ್ಮಿಟ್ಜ್, ಲೂಯಿಸ್ ಮೊದಲಾದವರು 2000ದಲ್ಲಿ ತೋರಿಸಿಕೊಟ್ಟರು. ಒಂಟಿಯಾಗಿ ದುರ್ಬಲವಾದದ್ದು ಜೊತೆಗಾರನಿದ್ದಾಗ ಪ್ರಬಲವಾಗುವ ಈ ಬಗೆಯನ್ನು ಒಂದು ಸಾರ, ಒಂದು ಬಿಲ್ಲೆ, ಒಂದು ಉಂಗುರ ಎಂಬ ಲೆಕ್ಕ ಹಿಡಿಯಲಾರದು.

ಉತ್ಕರ್ಷಣ ನಿರೋಧದ ಪರೀಕ್ಷೆ ಇದಕ್ಕಿಂತಲೂ ಅಗ್ಗ, ಇದಕ್ಕಿಂತಲೂ ಮೋಹಕ. ಡಿಪಿಪಿಎಚ್ ಎಂಬ ಗಾಢ ನೇರಳೆ ಬಣ್ಣದ ವಸ್ತುವಿನಲ್ಲಿ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇರುತ್ತದೆ. ಸಸ್ಯಸಾರವು ಅದಕ್ಕೆ ಜೋಡಿಯನ್ನು ಒದಗಿಸಿದರೆ ಬಣ್ಣ ಹಳದಿಗೆ ತಿರುಗುತ್ತದೆ. ಬ್ಲಾಯಿಸ್ 1958ರಲ್ಲಿ ಸೂಚಿಸಿದ ಈ ವಿಧಾನಕ್ಕೆ ಬಣ್ಣದ ತೀವ್ರತೆಯನ್ನು ಅಳೆಯುವ ಒಂದು ಯಂತ್ರ ಮತ್ತು ಅರ್ಧ ಗಂಟೆಯ ಕತ್ತಲೆ ಇದ್ದರೆ ಸಾಕು. ಆದರೆ ಡಿಪಿಪಿಎಚ್ ಮನುಷ್ಯನ ಮೈಯಲ್ಲಿ ಇರುವ ವಸ್ತುವೇ ಅಲ್ಲ, ಮತ್ತು ಒಗರಿರುವ ಬಹುತೇಕ ಎಲ್ಲ ಸೊಪ್ಪು, ತೊಗಟೆ, ಚಹಾಪುಡಿಗಳೂ ಅದರ ಬಣ್ಣವನ್ನು ಕೆಡಿಸುತ್ತವೆ. ಗಾಜಿನ ಕೊಳವೆಯ ಇಂಥ ಅಂಕಿಗಳಿಗೆ ಆರೋಗ್ಯದೊಡನೆ ನೇರ ಸಂಬಂಧ ಕಾಣದೆ ಅಮೆರಿಕದ ಕೃಷಿ ಇಲಾಖೆಯು 2012ರಲ್ಲಿ ಆಹಾರಗಳ ಉತ್ಕರ್ಷಣ ನಿರೋಧಕ ಸಾಮರ್ಥ್ಯದ ತನ್ನ ಪಟ್ಟಿಯನ್ನೇ ಹಿಂತೆಗೆದುಕೊಂಡಿತು.

ಇಷ್ಟಾದರೂ ಈ ಜೋಡಿ ಪರೀಕ್ಷೆಗಳ ಪ್ರಬಂಧಗಳು ದೇಶದಾದ್ಯಂತ ಹೆಚ್ಚುತ್ತಲೇ ಹೋದದ್ದಕ್ಕೆ ವಿಜ್ಞಾನದ ಹೊರಗಿನ ಕಾರಣವೂ ಇದೆ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಒಂದಾದರೂ ಲೇಖನ ಪ್ರಕಟವಾಗಿರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ನಿಯಮ ಮಾಡಿತು. ಮರುವರ್ಷ ಅಧ್ಯಾಪಕರ ಬಡ್ತಿಗೂ ಪ್ರಕಟಣೆಗಳ ಅಂಕ ಸೇರಿತು. ಕಡಿಮೆ ಖರ್ಚಿನಲ್ಲಿ ಕೆಲವೇ ತಿಂಗಳುಗಳಲ್ಲಿ ಮುಗಿಯುವ, ‘ಇಲ್ಲ’ ಎಂಬ ಉತ್ತರ ತೀರ ಅಪರೂಪವಾಗಿ ಬರುವ ಪರೀಕ್ಷೆಯತ್ತ ಸಂಶೋಧಕರು ಹೊರಳಿದ್ದು ಸಹಜ. ಇಂಥ ಲೇಖನಗಳಲ್ಲಿ ಹೆಚ್ಚಿನವು ಮುಂದಿನ ಸಂಶೋಧನೆ ಅಗತ್ಯವೆಂಬ ವಾಕ್ಯದಲ್ಲಿ ಮುಗಿಯುತ್ತವೆ, ಆ ಮುಂದಿನ ಸಂಶೋಧನೆಯನ್ನು ಮಾಡುವವರು ವಿರಳ. ಹಲ್ಲಿನ ಸಸ್ಯಗಳ 2004ರ ವರದಿ ಎಂಟು-ಹತ್ತು ಪುಟವೂ ಇಲ್ಲದ, ಒಂದೇ ಒಂದು ಬಿಲ್ಲೆಯನ್ನೂ ಇಡದ ಬರಹ. ಆದರೂ ಯಾವ ಊರಿನ ಯಾವ ಗಿಡದ ಯಾವ ಭಾಗವನ್ನು ಯಾವ ಬೇನೆಗೆ ಹೇಗೆ ಬಳಸುತ್ತಾರೆಂಬ ಪ್ರಶ್ನೆಯನ್ನು ಅದು ವೈದ್ಯರ ಬಾಯಿಂದಲೇ ಎತ್ತಿಕೊಂಡದ್ದರಿಂದ, ಪರೀಕ್ಷೆಗೆ ಹೊರಟವರು ಇಂದಿಗೂ ಮೊದಲು ತೆರೆಯಬೇಕಾದ ಪುಟಗಳು ಅವೇ ಆಗಿವೆ.

ಈ ನಡುವೆ ಗಿಡಗಳ ಮೇಲಿನ ಹಕ್ಕಿನ ಪ್ರಶ್ನೆಯೂ ಎದ್ದಿತು. ಜೈವಿಕ ವೈವಿಧ್ಯ ಕಾಯಿದೆ 2002ರಲ್ಲಿ ಬಂದಿತು; ಬೆಳಗಾವಿಯಲ್ಲಿ 2006ರಲ್ಲಿ ಆರಂಭವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಕೇಂದ್ರವು ಮುಂದೆ ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆಯಾಗಿ ಬೆಳೆಯಿತು; ಗಣಿಗಾರಿಕೆಯ ವಿರುದ್ಧ ವರ್ಷಗಟ್ಟಲೆ ಹೋರಾಟ ಕಂಡ ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿಂದಲೋ ಕಲಘಟಗಿಯ ಅಂಚಿನಿಂದಲೋ ಧಾರವಾಡದ ಪ್ರಯೋಗಾಲಯಕ್ಕೆ ಬರುವ ಗಿಡವೊಂದು ಇಂದಿಗೂ ಮೊದಲು ಸೆಡ್ಜ್‌ವಿಕ್ ಕಾಲದ ಕ್ರಮದಲ್ಲೇ ಎರಡು ಕಾಗದಗಳ ನಡುವೆ ಒಣಗಬೇಕು. ಒತ್ತಿಟ್ಟ ಹಾಳೆಯ ಮೂಲೆಯಲ್ಲಿ ಲ್ಯಾಟಿನ್ ಹೆಸರು, ಕನ್ನಡದ ಹೆಸರು, ಊರು, ತಾರೀಕು, ತಂದವರ ಹೆಸರು ಬರೆದು ಸಂಖ್ಯೆ ಕೊಡಬೇಕು. ಉಂಗುರ ಅಳೆದ ತಟ್ಟೆಗಳನ್ನು ಅಳತೆ ಮುಗಿದೊಡನೆ 121 ಡಿಗ್ರಿಯ ಹಬೆಯಲ್ಲಿ ಬೇಯಿಸಿ ಚೆಲ್ಲಲಾಗುತ್ತದೆ. ಹಾಳೆಯನ್ನು ಕಪಾಟಿನಲ್ಲಿಟ್ಟು, ಹುಳ ಹಿಡಿಯದಂತೆ ನೋಡಿಕೊಳ್ಳಲಾಗುತ್ತದೆ.